ಲ್ಯಾಟಿನ್ ಪಾಠದ ರಾಜಕಾರಣ

ಈ ಶತಮಾನದಲ್ಲಿ ಅಚ್ಚಾದ ಅಮೆರಿಕದ ಪಾಸ್‌ಪೋರ್ಟಿನಲ್ಲಿ ಆ್ಯನಾ ಜೂಲಿಯಾ ಕೂಪರ್ ಅವರ ಒಂದು ಮಾತು ಇದೆ. 2009ರಲ್ಲಿ ಅವರ ಚಿತ್ರದ ಅಂಚೆಚೀಟಿಯೂ ಬಂತು. ಇಂಥ ಗೌರವಗಳ ಜೊತೆಗೆ ಪ್ರತಿ ಸಲವೂ ಒಂದೇ ಪರಿಚಯ: ಗುಲಾಮಳಾಗಿ ಹುಟ್ಟಿ, ಅರವತ್ತಾರರ ವಯಸ್ಸಿನಲ್ಲಿ ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಡಾಕ್ಟರೇಟ್ ಗಳಿಸಿ, 105 ವರ್ಷ ಬಾಳಿದ ಕಪ್ಪು ಮಹಿಳೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಎಲ್ಲರಿಗೂ ಅನುಕೂಲವಾದ ಕಥೆ. ಛಲದಿಂದ ಓದಿದರೆ ಯಾರು ಬೇಕಾದರೂ ಮೇಲೆ ಬರಬಹುದು ಎಂದು ಹೇಳಿ ಕೈತೊಳೆದುಕೊಳ್ಳಲು ಇದು ಸಾಕು. ಅವರು ಯಾರೊಡನೆ ಜಗಳವಾಡಿದರು, ಯಾವ ಪ್ರಶ್ನೆಗೆ ಕೆಲಸ ಕಳೆದುಕೊಂಡರು ಎಂಬುದನ್ನು ಕೇಳುವ ಗೋಜಿಲ್ಲ. ನನ್ನ ಓದಿನಲ್ಲಿ ಕೂಪರ್ ಅವರ ಬದುಕಿನ ನಡುಗಂಬ ಸೋರ್ಬಾನ್ ಅಲ್ಲ, ವಾಷಿಂಗ್ಟನ್ ನಗರದ ಎಂ ಸ್ಟ್ರೀಟ್ ಹೈಸ್ಕೂಲು. 1902ರಿಂದ 1906ರವರೆಗೆ ಅಲ್ಲಿ ನಡೆದದ್ದು ಒಬ್ಬ ಮುಖ್ಯೋಪಾಧ್ಯಾಯಿನಿಯ ಶಿಸ್ತಿನ ವಿಚಾರಣೆ ಎಂದು ಕಡತಗಳು ಹೇಳುತ್ತವೆ. ನಿಜವಾಗಿ ಅಲ್ಲಿ ತೀರ್ಮಾನಕ್ಕೆ ಬಂದ ಸಂಗತಿ ಬೇರೆ: ಒಂದು ಜನಾಂಗದ ಮಕ್ಕಳು ಏನನ್ನು ಕಲಿಯಬಹುದು, ಅದನ್ನು ಯಾರು ನಿರ್ಧರಿಸಬೇಕು. ಪಠ್ಯಕ್ರಮವೇ ಪೌರತ್ವದ ಗಡಿಯಾಗಿದ್ದ ಕಾಲ ಅದು. ಕೂಪರ್ ತಮ್ಮ ಬದುಕಿನುದ್ದಕ್ಕೂ ಆ ಗಡಿಯ ಮೇಲೇ ನಿಂತು ವಾದಿಸಿದರು.

ಈ ಮಾತು ಅತಿಯಾಯಿತು ಎನ್ನುವವರು ಅವರ ತವರು ರಾಜ್ಯದ ಎರಡು ಕಾನೂನುಗಳನ್ನು ನೋಡಬೇಕು. ಉತ್ತರ ಕ್ಯಾರೊಲಿನಾದ ಶಾಸನಸಭೆ 1830ರಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನು ಅಪರಾಧವೆಂದು ಸಾರಿತು. ಕಲಿಸಿದ ಬಿಳಿಯರಿಗೆ ದಂಡ ಇಲ್ಲವೇ ಸೆರೆ, ಕಲಿಸಿದ ಗುಲಾಮರಿಗೆ ಛಡಿಯೇಟು. ಎಪ್ಪತ್ತು ವರ್ಷಗಳ ನಂತರ, 1900ರಲ್ಲಿ, ಅದೇ ರಾಜ್ಯ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು ಓದಲು ಬಾರದವರಿಗೆ ಮತವಿಲ್ಲ ಎಂದಿತು. ಅಜ್ಜಂದಿರಿಗೆ ಓದು ಕಲಿಸಿದರೆ ಶಿಕ್ಷೆ, ಮೊಮ್ಮಕ್ಕಳಿಗೆ ಓದು ಬಾರದಿದ್ದರೆ ಶಿಕ್ಷೆ. ಓದು ಬಾರದ ಬಿಳಿಯರಿಗೆ ಮಾತ್ರ ಒಂದು ಹಿಂಬಾಗಿಲು ತೆರೆದಿತ್ತು: 1867ಕ್ಕೆ ಮುಂಚೆ ತಮ್ಮ ಹಿರಿಯರಿಗೆ ಮತದಾನದ ಹಕ್ಕಿದ್ದರೆ ಸಾಕು, ಪರೀಕ್ಷೆ ಬೇಡ. ಕಪ್ಪು ಜನರ ಹಿರಿಯರು ಆಗ ಗುಲಾಮರು. ಅಕ್ಷರ ಮತ್ತು ಅಧಿಕಾರದ ನಂಟನ್ನು ಕಪ್ಪು ಜನರ ನಾಯಕರು ಕಲ್ಪಿಸಿಕೊಂಡಿದ್ದಲ್ಲ. ಅದನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟವರು ಅವರ ಎದುರಾಳಿಗಳೇ.

ಆ್ಯನಾ ಹುಟ್ಟಿದ್ದು ಈ ಎರಡು ಕಾನೂನುಗಳ ನಡುವೆ, 1858ರ ಆಗಸ್ಟ್ 10ರಂದು, ರಾಲಿ ಪಟ್ಟಣದಲ್ಲಿ. ತಾಯಿ ಹ್ಯಾನಾ ಸ್ಟ್ಯಾನ್ಲಿ ಹೇವುಡ್ ಗುಲಾಮಳು. ತಂದೆ, ತಾಯಿಯನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದ ಹೇವುಡ್ ಮನೆತನದ ಬಿಳಿಯ. ಅಪ್ಪನ ವಿಷಯದಲ್ಲಿ ಅಮ್ಮನ ಬಾಯಿ ನಾಚಿಕೆಯಿಂದ ಕಟ್ಟಿತ್ತು, ತನಗೂ ಆತನಿಂದ ಯಾವ ಋಣವೂ ಇಲ್ಲ ಎಂಬರ್ಥದಲ್ಲಿ ಕೂಪರ್ ಮುಂದೆ ಒಂದೆಡೆ ಬರೆದುಕೊಂಡಿದ್ದಾರೆ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ ಮೇಲೆ ಎಪಿಸ್ಕೋಪಲ್ ಚರ್ಚು ಬಿಡುಗಡೆಯಾದ ಜನರಿಗೆ ಶಿಕ್ಷಕರನ್ನು ತಯಾರಿಸಲು ರಾಲಿಯಲ್ಲಿ ಸೇಂಟ್ ಆಗಸ್ಟೀನ್ ಶಾಲೆಯನ್ನು ತೆರೆಯಿತು. 1868ರಲ್ಲಿ ಆ ಶಾಲೆ ಸೇರಿದಾಗ ಹುಡುಗಿಗೆ ಒಂಬತ್ತು ವರ್ಷ. ಬೇಗನೇ ಇತರರಿಗೆ ಪಾಠ ಹೇಳಿಕೊಡುವಷ್ಟು ಕಲಿತಳು. ತಕರಾರು ಶುರುವಾದದ್ದು ಗ್ರೀಕ್ ಭಾಷೆಯಲ್ಲಿ. ಗ್ರೀಕ್ ತರಗತಿ ಪಾದ್ರಿಗಳಾಗಲು ಓದುವ ಗಂಡಸರಿಗೆ ಮೀಸಲು. ಹುಡುಗಿಯರು ಹೆಚ್ಚೆಂದರೆ ಅವರನ್ನು ಮದುವೆಯಾಗಬಹುದು, ಅವರ ಜೊತೆ ಕೂತು ಹೋಮರನನ್ನು ಓದುವುದೇಕೆ ಎಂಬುದು ಶಾಲೆಯ ಧೋರಣೆ. ಆ್ಯನಾ ಹಟ ಹಿಡಿದು ಆ ತರಗತಿಗೆ ಸೇರಿದರು. ವಿಚಿತ್ರವೆಂದರೆ ಮದುವೆಯಾದದ್ದೂ ಅಂಥ ಒಬ್ಬ ವಿದ್ಯಾರ್ಥಿಯನ್ನೇ. ವೆಸ್ಟ್ ಇಂಡೀಸಿನಿಂದ ಬಂದ ಜಾರ್ಜ್ ಕೂಪರ್ ಜೊತೆ 1877ರಲ್ಲಿ ವಿವಾಹ. ಎರಡೇ ವರ್ಷದಲ್ಲಿ ಆತ ತೀರಿಕೊಂಡರು. ಆ ಕಾಲದ ಶಾಲೆಗಳು ವಿವಾಹಿತೆಯರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ, ವೈಧವ್ಯವೇ ಅವರಿಗೆ ಉಪಾಧ್ಯಾಯ ವೃತ್ತಿಯ ಬಾಗಿಲು ತೆರೆಯಿತು ಎಂಬುದು ಕಹಿಯಾದ ಮಾತಾದರೂ ದಿಟ. ಕೂಪರ್ ಮರುಮದುವೆಯಾಗಲಿಲ್ಲ.

1881ರಲ್ಲಿ ಓಹಾಯೋದ ಓಬರ್ಲಿನ್ ಕಾಲೇಜಿಗೆ ಹೋದರು. ಕಪ್ಪು ವಿದ್ಯಾರ್ಥಿಗಳನ್ನೂ ಹೆಂಗಸರನ್ನೂ 1830ರ ದಶಕದಿಂದಲೇ ಸೇರಿಸಿಕೊಳ್ಳುತ್ತಿದ್ದ ವಿರಳ ಕಾಲೇಜು ಅದು. ಅಲ್ಲಿಯೂ ಹೆಂಗಸರಿಗೆಂದು ಹಗುರವಾದ ಒಂದು ಕೋರ್ಸು, ಗಂಡಸರಿಗೆಂದು ಗ್ರೀಕ್, ಲ್ಯಾಟಿನ್, ಗಣಿತಗಳ ನಾಲ್ಕು ವರ್ಷದ ಇನ್ನೊಂದು. ಕೂಪರ್ ಎರಡನೆಯದನ್ನೇ ಆರಿಸಿಕೊಂಡು 1884ರಲ್ಲಿ ಪದವಿ ಪಡೆದರು. ಅದೇ ತರಗತಿಯಲ್ಲಿ ಇನ್ನಿಬ್ಬರು ಕಪ್ಪು ಹುಡುಗಿಯರಿದ್ದರು: ಮುಂದೆ ಮೇರಿ ಚರ್ಚ್ ಟೆರೆಲ್ ಎಂದು ಹೆಸರಾದವರು ಮತ್ತು ಐಡಾ ಗಿಬ್ಸ್. 1887ರಲ್ಲಿ ಗಣಿತದಲ್ಲಿ ಎಂ.ಎ. ಆಯಿತು, ಅದೇ ವರ್ಷ ವಾಷಿಂಗ್ಟನ್ನಿನ ಕಪ್ಪು ಮಕ್ಕಳ ಹೈಸ್ಕೂಲಿನಿಂದ ಕರೆ ಬಂತು.

ಈ ಶಾಲೆ ಸಾಮಾನ್ಯದ್ದಲ್ಲ. 1870ರಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶುರುವಾದ ಇದು ದೇಶದಲ್ಲಿ ಕಪ್ಪು ಮಕ್ಕಳಿಗೆಂದು ತೆರೆದ ಮೊದಲ ಸಾರ್ವಜನಿಕ ಹೈಸ್ಕೂಲು. 1891ರಲ್ಲಿ ಎಂ ಸ್ಟ್ರೀಟ್‌ನಲ್ಲಿ ಸ್ವಂತ ಕಟ್ಟಡ ಬಂದ ಮೇಲೆ ಬೀದಿಯ ಹೆಸರೇ ಶಾಲೆಯ ಹೆಸರಾಯಿತು. ಅದರ ಗುಣಮಟ್ಟದ ಗುಟ್ಟು ವರ್ಣಭೇದದಲ್ಲೇ ಅಡಗಿತ್ತು. ಹಾರ್ವರ್ಡ್, ಓಬರ್ಲಿನ್, ಆ್ಯಮ್ಹರ್ಸ್ಟ್‌ಗಳಲ್ಲಿ ಓದಿದ ಕಪ್ಪು ಪದವೀಧರರನ್ನು ಬಿಳಿಯರ ಕಾಲೇಜುಗಳು ಅಧ್ಯಾಪಕರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ವಾಷಿಂಗ್ಟನ್ ಕೇಂದ್ರಾಡಳಿತದ ನಗರವಾದ್ದರಿಂದ ಅಲ್ಲಿ ಕಪ್ಪು ಶಿಕ್ಷಕರ ಸಂಬಳ ದಕ್ಷಿಣದ ರಾಜ್ಯಗಳಷ್ಟು ಕನಿಷ್ಠವಾಗಿರಲಿಲ್ಲ. ಹಾಗಾಗಿ ಬೇರೆಲ್ಲೂ ಸಲ್ಲದ ಪಾಂಡಿತ್ಯವೆಲ್ಲ ಒಂದು ಹೈಸ್ಕೂಲಿನಲ್ಲಿ ಬಂದು ಸೇರಿತು. ಇತಿಹಾಸಕಾರ ಕಾರ್ಟರ್ ವುಡ್ಸನ್, ಕಾದಂಬರಿಕಾರ್ತಿ ಜೆಸ್ಸಿ ಫಾಸೆಟ್ ಇಲ್ಲಿ ಪಾಠ ಹೇಳಿದವರು. ಅನ್ಯಾಯದ ವ್ಯವಸ್ಥೆಯೊಂದು ತನಗೆ ತಿಳಿಯದೆಯೇ ಉತ್ತಮ ಶಾಲೆಯೊಂದನ್ನು ಕಟ್ಟಿಕೊಟ್ಟಿತ್ತು.

ಇಲ್ಲಿ ಪಾಠ ಮಾಡುತ್ತಿದ್ದಾಗಲೇ, 1892ರಲ್ಲಿ, ಕೂಪರ್ ‘ಎ ವಾಯ್ಸ್ ಫ್ರಮ್ ದಿ ಸೌತ್’ ಎಂಬ ಪ್ರಬಂಧಗಳ ಪುಸ್ತಕ ಪ್ರಕಟಿಸಿದರು. ಕಪ್ಪು ಜನರ ಪರವಾಗಿ ಕಪ್ಪು ಗಂಡಸರು ಮಾತಾಡುತ್ತಾರೆ, ಹೆಣ್ಣಿನ ಪರವಾಗಿ ಬಿಳಿಯ ಹೆಂಗಸರು ಮಾತಾಡುತ್ತಾರೆ, ನಡುವೆ ಕಪ್ಪು ಹೆಣ್ಣು ಸಾಕ್ಷಿಕಟ್ಟೆಗೇ ಬಂದಿಲ್ಲ ಎಂಬುದು ಅದರ ಮುಖ್ಯ ದೂರು. ರೈಲು ನಿಲ್ದಾಣವೊಂದರಲ್ಲಿ ಎರಡು ಕೋಣೆ, ಒಂದರ ಮೇಲೆ ಮಹಿಳೆಯರಿಗೆ ಎಂದೂ ಇನ್ನೊಂದರ ಮೇಲೆ ಕಪ್ಪು ಜನರಿಗೆ ಎಂದೂ ಫಲಕ; ತಾನು ಯಾವುದರೊಳಗೆ ಹೋಗಬೇಕು ಎಂದು ಅವರು ಆ ಪುಸ್ತಕದಲ್ಲಿ ಕೇಳುವ ಪ್ರಶ್ನೆಗೆ ಇಂದಿನ ವಿದ್ವಾಂಸರು ದೊಡ್ಡ ದೊಡ್ಡ ಸಿದ್ಧಾಂತದ ಹೆಸರುಗಳನ್ನಿಟ್ಟಿದ್ದಾರೆ. ಇನ್ನೊಂದು ಪ್ರಬಂಧದ ಶೀರ್ಷಿಕೆಯಲ್ಲಿ ಹೆಣ್ಣು ಮತ್ತು ಇಂಡಿಯನ್ ಎದುರುಬದುರಾಗಿ ನಿಂತಿದ್ದಾರೆ. ಇಂಡಿಯನ್ ಎಂದರೆ ಇಲ್ಲಿ ಅಮೆರಿಕದ ಮೂಲನಿವಾಸಿ. ಮೂಲನಿವಾಸಿಗಳಿಗೆ ಸಿಗುವ ಹಕ್ಕು ಬಿಳಿಯ ಹೆಣ್ಣಿಗಿಲ್ಲವೇ ಎಂದು ಮತಾಧಿಕಾರದ ಹೋರಾಟಗಾರ್ತಿ ಆ್ಯನಾ ಶಾ ವಾದಿಸಿದ್ದಕ್ಕೆ ಅದು ಉತ್ತರ. ದುರ್ಬಲನೊಬ್ಬನನ್ನು ತಳ್ಳಿ ಪಡೆಯುವ ಹಕ್ಕು ಹಕ್ಕೇ ಅಲ್ಲ ಎಂಬುದು ಕೂಪರ್ ನಿಲುವು. ಮನುಷ್ಯನ ಬೆಲೆ ಏನು ಎಂದು ಲೆಕ್ಕ ಹಾಕುವ ಪ್ರಬಂಧವೂ ಇದೆ. ಸಮಾಜ ಒಬ್ಬನಿಗಾಗಿ ಮಾಡಿದ ಖರ್ಚನ್ನು ಅವನು ಸಮಾಜಕ್ಕೆ ಕೊಟ್ಟಿದ್ದರಿಂದ ಕಳೆದು ನೋಡಿದರೆ, ಏನೂ ಪಡೆಯದೆ ದುಡಿದ ಗುಲಾಮರ ಮಕ್ಕಳು ಸಾಲಗಾರರಲ್ಲ, ಸಾಲ ಕೊಟ್ಟವರು ಎಂಬ ಜಾಡಿನಲ್ಲಿ ಅದರ ವಾದ ಸಾಗುತ್ತದೆ.

ಪುಸ್ತಕದ ಮೇಲೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವಲ್ಲ. ಗದ್ಯ ಭಾರ; ಉಲ್ಲೇಖಗಳ ಮೇಲೆ ಉಲ್ಲೇಖ ಬಂದು ಓದುಗನಿಗೆ ಆಯಾಸವಾಗುತ್ತದೆ. ಸುಸಂಸ್ಕೃತ, ಧರ್ಮಭೀರು ಗೃಹಿಣಿಯೇ ಜನಾಂಗವನ್ನು ಎತ್ತುತ್ತಾಳೆ ಎಂಬ ವಿಕ್ಟೋರಿಯನ್ ನಂಬಿಕೆ ಪುಟಪುಟದಲ್ಲೂ ಇದೆ. ಗದ್ದೆಯಲ್ಲಿ ದುಡಿಯುವ, ಬಟ್ಟೆ ಒಗೆಯುವ ಕಪ್ಪು ಹೆಣ್ಣು ಇಲ್ಲಿ ವಿಷಯವಾಗಿದ್ದಾಳೆಯೇ ಹೊರತು ಮಾತಾಡುವುದಿಲ್ಲ ಎಂದು ವಿಮರ್ಶಕಿ ಮೇರಿ ಹೆಲೆನ್ ವಾಷಿಂಗ್ಟನ್ 1988ರ ಮರುಮುದ್ರಣದ ಮುನ್ನುಡಿಯಲ್ಲಿ ಸರಿಯಾಗಿಯೇ ಹೇಳಿದರು. ನಮ್ಮ ಕಡೆಯಿಂದ ಇನ್ನೊಂದನ್ನು ಸೇರಿಸಬೇಕು: ಪೂರ್ವದೇಶಗಳ ಹೆಣ್ಣಿನ ಬಗ್ಗೆ ಮೊದಲ ಪ್ರಬಂಧದಲ್ಲಿ ಅವರು ಬರೆದದ್ದು ಮಿಶನರಿ ಪುಸ್ತಕಗಳಿಂದ ಎತ್ತಿಕೊಂಡಂತಿದೆ, ಏಷ್ಯಾ ಎಂದರೆ ಕತ್ತಲೆ, ಕ್ರೈಸ್ತ ಯುರೋಪು ಎಂದರೆ ಬೆಳಕು. ಆದರೆ ಈ ಕೊರತೆಗಳಿಂದ ಮೂಲ ವಾದ ಬಿದ್ದುಹೋಗುವುದಿಲ್ಲ. ಯೋಗ್ಯತೆಯ ಭಾಷೆ ಆ ಕಾಲದಲ್ಲಿ ಎದುರಾಳಿಯ ಆಯುಧ. ಕಪ್ಪು ಹೆಣ್ಣಿಗೆ ಶೀಲವೇ ಇಲ್ಲ ಎಂದು ಪತ್ರಿಕೆಗಳು ಬರೆಯುತ್ತಿದ್ದಾಗ ಶೀಲದ ಮಾತನ್ನು ಬಿಟ್ಟುಕೊಟ್ಟಿದ್ದರೆ ಮಾತಾಡಲು ವೇದಿಕೆಯೇ ಉಳಿಯುತ್ತಿರಲಿಲ್ಲ. ಪೂರ್ವ ಪಶ್ಚಿಮಗಳ ವಿಷಯದಲ್ಲಿ ಮಾತ್ರ ಕೂಪರ್ ತಮ್ಮನ್ನು ತಿದ್ದಿಕೊಳ್ಳಬೇಕಿತ್ತು. ಮೂವತ್ತಮೂರು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ತಕ್ಕಮಟ್ಟಿಗೆ ತಿದ್ದಿಕೊಂಡರು.

ಈ ನಡುವೆ ದೇಶ ಹಿಂದಕ್ಕೆ ಸರಿಯುತ್ತಿತ್ತು. 1877ರಲ್ಲಿ ಒಕ್ಕೂಟದ ಸೇನೆ ದಕ್ಷಿಣದ ರಾಜ್ಯಗಳಲ್ಲಿ ತನ್ನ ಕಾವಲು ಬಿಟ್ಟಮೇಲೆ ಕಪ್ಪು ಜನರ ಮತ ಒಂದೊಂದು ರಾಜ್ಯದಲ್ಲೂ ಕರಗಿತು. 1896ರ ಪ್ಲೆಸಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪ್ರತ್ಯೇಕ ವ್ಯವಸ್ಥೆಗೆ ಮುದ್ರೆಯೊತ್ತಿತು. 1898ರಲ್ಲಿ ಕೂಪರ್ ಅವರ ರಾಜ್ಯದ ವಿಲ್ಮಿಂಗ್ಟನ್ ಪಟ್ಟಣದಲ್ಲಿ ಬಿಳಿಯರ ಗುಂಪು ಚುನಾಯಿತ ನಗರಾಡಳಿತವನ್ನು ಬಂದೂಕಿನಿಂದ ಉರುಳಿಸಿ ಕಪ್ಪು ನಿವಾಸಿಗಳನ್ನು ಕೊಂದಿತು. ಈ ಬಿರುಗಾಳಿಯಲ್ಲಿ ಕಪ್ಪು ಜನರ ನಾಯಕ, ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಒಂದು ಒಪ್ಪಂದದ ದಾರಿ ತೋರಿದರು. 1895ರ ಅಟ್ಲಾಂಟಾ ಭಾಷಣದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ರಾಜಕೀಯ ಸಮಾನತೆಯ ಮಾತು ಸದ್ಯಕ್ಕೆ ಬೇಡ, ಕೈಕಸುಬು ಕಲಿತು ಆಸ್ತಿ ಮಾಡೋಣ, ಉಳಿದದ್ದು ತಾನಾಗಿ ಬರುತ್ತದೆ. ಉತ್ತರದ ಧನಿಕರಿಗೆ ಇದು ಬಹಳ ಹಿಡಿಸಿತು. 1903ರಲ್ಲಿ ಆ್ಯಂಡ್ರೂ ಕಾರ್ನೆಗಿ, ಬುಕರ್ ಅವರ ಟಸ್ಕೆಗಿ ಸಂಸ್ಥೆಗೆ 6 ಲಕ್ಷ ಡಾಲರ್ ಕೊಟ್ಟರು. ಬುಕರ್ ಅವರನ್ನು ಹೇಡಿ ಎಂದು ಬಗೆಯುವುದು ಅನ್ಯಾಯ. ಆಲಬಾಮಾದ ಹಳ್ಳಿಗಾಡಿನಲ್ಲಿ ಜೀವ ಉಳಿಸಿಕೊಂಡು ಶಾಲೆ ಕಟ್ಟುವುದು ಸಣ್ಣ ಸಾಧನೆಯಲ್ಲ. ತೊಂದರೆ ಬಂದದ್ದು ಒಂದು ಪ್ರಾಂತ್ಯದ ಉಪಾಯ ಇಡೀ ಜನಾಂಗದ ಮಿತಿಯಾದಾಗ. ಇಟ್ಟಿಗೆ ಸುಡುವುದನ್ನೂ ಕಲಿಯಲಿ ಎಂಬ ಮಾತು ಇಟ್ಟಿಗೆ ಸುಡುವುದನ್ನಷ್ಟೇ ಕಲಿಯಲಿ ಎಂದಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಬುಕರ್ ಅವರ ಸ್ವಂತ ಮಗಳು ಬರ್ಲಿನ್ನಿಗೆ ಹೋಗಿ ಪಿಯಾನೊ ಕಲಿತಳು ಎಂಬುದನ್ನು ದಾನಿಗಳು ಗಮನಿಸಿದಂತಿಲ್ಲ.

ಕೂಪರ್ 1900ರ ಜುಲೈಯಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ಪ್ಯಾನ್-ಆಫ್ರಿಕನ್ ಸಮ್ಮೇಳನದಲ್ಲಿ ಮಾತಾಡಿದ ಬೆರಳೆಣಿಕೆಯ ಹೆಂಗಸರಲ್ಲಿ ಒಬ್ಬರು. ಅಲ್ಲಿಂದ ಮರಳಿ 1902ರ ಆರಂಭದಲ್ಲಿ ಎಂ ಸ್ಟ್ರೀಟ್ ಶಾಲೆಯ ಮುಖ್ಯಸ್ಥೆಯಾದರು. ಮರುವರ್ಷ ಫ್ರಾನ್ಸಿನ ಕ್ಯಾಥೊಲಿಕ್ ವಿದ್ವಾಂಸ, ಪಾದ್ರಿ ಫೆಲಿಕ್ಸ್ ಕ್ಲೈನ್ ಶಾಲೆಗೆ ಬಂದು ಅವರ ಲ್ಯಾಟಿನ್ ತರಗತಿಯಲ್ಲಿ ಕೂತರು. ಕಪ್ಪು ಹುಡುಗ ಹುಡುಗಿಯರು ವರ್ಜಿಲನ ಮಹಾಕಾವ್ಯವನ್ನು ಅರ್ಥ ಬಿಡಿಸುತ್ತಿದ್ದ ರೀತಿಗೆ ಬೆರಗಾಗಿ ತಮ್ಮ ಪ್ರವಾಸದ ಪುಸ್ತಕದಲ್ಲಿ ಅದನ್ನು ಹೊಗಳಿ ಬರೆದರು. ಕೂಪರ್ ಅವರ ಅವಧಿಯಲ್ಲಿ ಶಾಲೆಯ ವಿದ್ಯಾರ್ಥಿಗಳು ಹಾರ್ವರ್ಡ್, ಯೇಲ್, ಬ್ರೌನ್, ಓಬರ್ಲಿನ್‌ಗಳಿಗೆ ಪ್ರವೇಶ ಗಳಿಸಿದರು. ಇದೇ ಶಾಲೆಯಲ್ಲಿ 1902-03ರ ಚಳಿಗಾಲದಲ್ಲಿ ಕಪ್ಪು ಚಿಂತಕ ಡು ಬೊಯಿಸ್ ಬಂದು ಕಪ್ಪು ಮಕ್ಕಳ ಕಲಿಕೆಯನ್ನು ಮೊಟಕುಗೊಳಿಸುವ ಪ್ರವೃತ್ತಿಯ ವಿರುದ್ಧ ಮಾತಾಡಿದರು. ಅಷ್ಟರಲ್ಲಿ ಅಮೆರಿಕದ ಸಂಸತ್ತು ನಗರದ ಶಾಲಾಡಳಿತವನ್ನು 1900ರಲ್ಲಿ ಪುನರ್ರಚಿಸಿ ಕಪ್ಪು ಹೈಸ್ಕೂಲನ್ನೂ ಬಿಳಿಯ ನಿರ್ದೇಶಕರ ಕೈಗೆ ಕೊಟ್ಟಿತ್ತು. ಆ ನಿರ್ದೇಶಕ ಪರ್ಸಿ ಹ್ಯೂಸ್ ಅವರಿಗೂ ಕೂಪರ್ ಅವರಿಗೂ ಒಗ್ಗಲಿಲ್ಲ. 1904ರ ಹೊತ್ತಿಗೆ ದೂರುಗಳು ಒಂದೊಂದಾಗಿ ಹೊರಬಂದವು: ಅಂಗೀಕೃತ ಪಠ್ಯಪುಸ್ತಕ ಬಳಸುವುದಿಲ್ಲ, ಹಿಂದುಳಿದ ಮಕ್ಕಳ ಮೇಲೆ ಅತಿ ಮರುಕ, ಶಿಸ್ತಿಲ್ಲ, ಹುಡುಗರು ಸಿಗರೇಟು ಸೇದುತ್ತಾರೆ, ಮುಖ್ಯಸ್ಥೆ ಅದಕ್ಷೆ. ಇದರ ಜೊತೆಗೆ, ಅವರೇ ಸಾಕಿ ಬೆಳೆಸಿದ, ಅದೇ ಶಾಲೆಯಲ್ಲಿ ಶಿಕ್ಷಕನಾಗಿದ್ದ ಯುವಕನೊಬ್ಬನ ಹೆಸರಿಗೆ ಅವರ ಹೆಸರನ್ನು ತಳುಕು ಹಾಕಿದ ಪಿಸುಮಾತು. ಹೆಣ್ಣನ್ನು ಹೊರಗೆ ಹಾಕಬೇಕೆಂದಾಗ ಈ ಕೊನೆಯ ಅಸ್ತ್ರ ಯಾವ ದೇಶದಲ್ಲೂ ಬತ್ತಳಿಕೆಯಲ್ಲಿ ಉಳಿಯುವುದಿಲ್ಲ. ವಿಚಾರಣೆ ತಿಂಗಳುಗಟ್ಟಲೆ ನಡೆಯಿತು, ಪತ್ರಿಕೆಗಳು ಅದನ್ನು ಹಿಂಜಿದವು. 1906ರಲ್ಲಿ ಹೊಸದಾಗಿ ರಚನೆಯಾದ ಮಂಡಳಿ ಅವರನ್ನು ಮತ್ತೆ ನೇಮಿಸಲಿಲ್ಲ.

ಇದನ್ನು ಪಠ್ಯಕ್ರಮದ ಜಗಳ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಬಹುದು. ಬುಕರ್ ಅವರ ಬಣವೇ ತೆರೆಮರೆಯಲ್ಲಿ ಕೈಯಾಡಿಸಿತು ಎಂದು ಕೆಲವು ಜೀವನಚರಿತ್ರೆಕಾರರು ಹೇಳಿದರೆ, ಅದು ಸ್ಥಳೀಯ ಅಧಿಕಾರಿಗಳ ಅಹಂಕಾರದ ತಿಕ್ಕಾಟ ಎಂದು ಮತ್ತೆ ಕೆಲವರು. ನನ್ನ ವಾದಕ್ಕೆ ಪಿತೂರಿಯ ಅಗತ್ಯವಿಲ್ಲ, ದೂರುಗಳ ಒಳತಿರುಳೇ ಸಾಕು. ಹಿಂದುಳಿದ ಮಕ್ಕಳ ಮೇಲೆ ಮರುಕ ಎಂಬ ಆರೋಪವನ್ನು ತೆಗೆದುಕೊಳ್ಳಿ. ಅದರ ಅರ್ಥ, ಕಾಲೇಜಿಗೆ ಒಯ್ಯುವ ಪಾಠವನ್ನು ಕೆಲವೇ ಮಕ್ಕಳಿಗೆ ಸೀಮಿತಗೊಳಿಸದೆ ತಡವಾಗಿ ಕಲಿಯುವವರನ್ನೂ ಅದರಲ್ಲೇ ಉಳಿಸಿಕೊಂಡು ಮುಂದೆ ತರುತ್ತಿದ್ದರು ಎಂದು. ಅಂಗೀಕೃತ ಪುಸ್ತಕ ಬಿಟ್ಟರು ಎಂದರೆ, ಯಾವ ಪುಸ್ತಕ ಓದಿಸಬೇಕು ಎಂಬ ತೀರ್ಮಾನ ತನ್ನದು ಎಂದರು. ಕಲಿಸುವ ಹಕ್ಕು, ಆಯ್ಕೆಯ ಹಕ್ಕು, ನಿಧಾನಿಗಳಿಗೂ ಅದೇ ಪಾಠ ಕೊಡುವ ಹಕ್ಕು: ಮೂರೂ ಬಿಳಿಯ ನಿರ್ದೇಶಕನ ಮೇಜಿನಿಂದ ಕಪ್ಪು ಮುಖ್ಯಸ್ಥೆಯ ಮೇಜಿಗೆ ಸರಿದದ್ದೇ ಅಪರಾಧವಾಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ದಕ್ಷಿಣದ ಲಕ್ಷಾಂತರ ಕಪ್ಪು ಕುಟುಂಬಗಳು ಧಣಿಯ ಜಮೀನಿನಲ್ಲಿ ಪಾಲಿಗೆ ದುಡಿದು ಸಾಲದಲ್ಲಿ ಮುಳುಗಿದ್ದಾಗ, ರಾಜಧಾನಿಯ ಕೆಲವು ನೂರು ಮಕ್ಕಳಿಗೆ ವರ್ಜಿಲನನ್ನು ಓದಿಸಿ ಆದದ್ದೇನು? ವಾಷಿಂಗ್ಟನ್ನಿನ ಕಪ್ಪು ಮೇಲ್ವರ್ಗದ ಬಿಂಕವೂ ಆ ಶಾಲೆಯಲ್ಲಿ ಇತ್ತೆಂಬುದನ್ನು ಒಪ್ಪಬೇಕು. ಆದರೆ ಕೂಪರ್ ಕೈಕಸುಬನ್ನು ಎಂದೂ ತುಚ್ಛವಾಗಿ ಕಂಡವರಲ್ಲ. ತರಬೇತಾದ ಕುಶಲಕರ್ಮಿಗಳು ಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅವರ ಶಾಲೆಯಲ್ಲಿ 1896ರಲ್ಲಿ ಓದು ಮುಗಿಸಿದ ನ್ಯಾನಿ ಹೆಲೆನ್ ಬರೋಸ್ 1909ರಲ್ಲಿ ಅದೇ ನಗರದಲ್ಲಿ ಕಪ್ಪು ಹುಡುಗಿಯರಿಗೆ ವೃತ್ತಿಶಿಕ್ಷಣದ ಶಾಲೆ ತೆರೆದರು. ಜಗಳ ಇದ್ದದ್ದು ಕಸುಬು ಬೇಕೇ ಬೇಡವೇ ಎಂಬುದರಲ್ಲಿ ಅಲ್ಲ, ಆರಿಸುವವರು ಯಾರು ಎಂಬುದರಲ್ಲಿ. ಫಲದ ಲೆಕ್ಕ ಕೇಳುವವರಿಗೆ ಒಂದು ಸಂಗತಿ ಸಾಕು. ಅಮೆರಿಕದಲ್ಲಿ ಪಿಎಚ್.ಡಿ. ಪಡೆದ ಮೊದಲ ಮೂವರು ಕಪ್ಪು ಮಹಿಳೆಯರಿಗೆ ಆ ಪದವಿ ಬಂದದ್ದು 1921ರ ಜೂನ್ ತಿಂಗಳಲ್ಲಿ. ಅವರಲ್ಲಿ ಈವಾ ಡೈಕ್ಸ್ ಮತ್ತು ಸ್ಯಾಡಿ ಮೊಸೆಲ್ ಎಂ ಸ್ಟ್ರೀಟ್‌ನಲ್ಲಿ ಓದಿದವರು. ಮೂರನೆಯವರಾದ ಜಾರ್ಜಿಯಾನಾ ಸಿಂಪ್ಸನ್ ಅಲ್ಲಿ ಜರ್ಮನ್ ಕಲಿಸುತ್ತಿದ್ದವರು. ರಕ್ತನಿಧಿಯ ಸಂಶೋಧಕ ಚಾರ್ಲ್ಸ್ ಡ್ರೂ, ಮೊದಲ ಕಪ್ಪು ಸಂಪುಟ ಸಚಿವ ರಾಬರ್ಟ್ ವೀವರ್ ಅದೇ ಶಾಲೆಯವರು, ಆ ಹೊತ್ತಿಗೆ ಅದರ ಹೆಸರು ಡನ್ಬಾರ್ ಹೈಸ್ಕೂಲ್ ಎಂದಾಗಿತ್ತು.

ಕೆಲಸ ಹೋದಮೇಲೆ ಕೂಪರ್ ಮಿಸೌರಿಯ ಲಿಂಕನ್ ಸಂಸ್ಥೆಯಲ್ಲಿ ನಾಲ್ಕು ವರ್ಷ ಕಲಿಸಿ, 1910ರಲ್ಲಿ ಎಂ ಸ್ಟ್ರೀಟ್‌ಗೆ ಮರಳಿದರು. ಮುಖ್ಯಸ್ಥೆಯಾಗಿ ಅಲ್ಲ, ಲ್ಯಾಟಿನ್ ಶಿಕ್ಷಕಿಯಾಗಿ. ಬೇಸಿಗೆ ರಜೆಗಳಲ್ಲಿ ಪ್ಯಾರಿಸ್ಸಿಗೆ ಹೋಗಿ ಫ್ರೆಂಚ್ ಓದಿದರು, 1914ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಹೆಸರು ಬರೆಸಿದರು. ಮರುವರ್ಷ ಅಣ್ಣನ ಐವರು ಮೊಮ್ಮಕ್ಕಳು ತಾಯಿಯಿಲ್ಲದವರಾದರು, ಕಿರಿಯದು ಇನ್ನೂ ಎಳೆಗೂಸು. ಐವತ್ತೇಳರ ಕೂಪರ್ ಸಾಲ ಮಾಡಿ ಟಿ ಸ್ಟ್ರೀಟ್‌ನಲ್ಲಿ ಮನೆ ಕೊಂಡು ಐವರನ್ನೂ ತಂದು ಸಾಕಿದರು. ಕೊಲಂಬಿಯಾ ಒಂದು ವರ್ಷ ಅಲ್ಲೇ ನೆಲೆಸಬೇಕು ಎನ್ನುತ್ತಿತ್ತು. ಮಕ್ಕಳನ್ನೂ ಸಂಬಳವನ್ನೂ ಬಿಟ್ಟು ಹೋಗುವಂತಿರಲಿಲ್ಲ. ಕೊನೆಗೆ ಅಂಕಗಳನ್ನು ಸೋರ್ಬಾನ್‌ಗೆ ವರ್ಗಾಯಿಸಿಕೊಂಡು 1924ರಲ್ಲಿ ರಜೆ ಹಾಕಿ ಹೊರಟರು. ಪ್ಯಾರಿಸ್ಸಿನ ದಾಖಲೆಗಳ ನಡುವೆ ಇದ್ದಾಗ, ಅರವತ್ತು ದಿನದೊಳಗೆ ಹಿಂತಿರುಗದಿದ್ದರೆ ಕೆಲಸದಿಂದ ತೆಗೆಯುತ್ತಾರಂತೆ ಎಂದು ಗೆಳೆಯರ ತಂತಿ ಬಂತು. ಬೇಕಾದ್ದನ್ನು ನಕಲು ಮಾಡಿಸಿಕೊಂಡು ಗಡುವಿನೊಳಗೆ ತರಗತಿಗೆ ವಾಪಸಾದರು. ಉಳಿದ ಪ್ರಬಂಧವನ್ನು ವಾಷಿಂಗ್ಟನ್ನಿನಲ್ಲೇ ಬರೆದರು.

ಪ್ರಬಂಧದ ವಸ್ತು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗುಲಾಮಗಿರಿಯ ಬಗ್ಗೆ ಫ್ರಾನ್ಸ್ ತಳೆದ ನಿಲುವು. 1789ರಲ್ಲಿ ಮನುಷ್ಯರೆಲ್ಲ ಸಮಾನರೆಂದು ಸಾರಿದ ಫ್ರಾನ್ಸಿನ ಸಭೆ, ಸುಮಾರು ಐದು ಲಕ್ಷ ಗುಲಾಮರಿದ್ದ ಕೆರಿಬಿಯನ್ನಿನ ತನ್ನ ಸೇಂಟ್ ಡೊಮಿಂಗ್ ವಸಾಹತಿನ ಪ್ರಶ್ನೆ ಬಂದಾಗಲೆಲ್ಲ ತೋಟದ ಧಣಿಗಳ ಮುಖ ನೋಡಿತು. 1791ರ ಮೇಯಲ್ಲಿ ಸ್ವತಂತ್ರ ತಂದೆತಾಯಿಗಳಿಗೆ ಹುಟ್ಟಿದ ಮಿಶ್ರವರ್ಣದವರಿಗೆ ಹಕ್ಕು ಕೊಟ್ಟು, ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿತು. ಆಗಸ್ಟಿನಲ್ಲೇ ಗುಲಾಮರು ದಂಗೆಯೆದ್ದಾಗಿತ್ತು. 1794ರಲ್ಲಿ ಬಂದ ವಿಮೋಚನೆಯ ಶಾಸನ ಆ ದಂಗೆಯ ಒತ್ತಡದ ಫಲ. ಕ್ರಾಂತಿಯನ್ನು ಪ್ಯಾರಿಸ್ಸಿನ ಬೀದಿಗಳಿಂದಷ್ಟೇ ಅಳೆಯಲಾಗದು, ಕೆರಿಬಿಯನ್ ತೋಟದಿಂದ ನೋಡಿದಾಗ ಅದರ ಬಿರುಕು ಕಾಣುತ್ತದೆ ಎಂಬ ಈ ನೋಟ ಸಿ.ಎಲ್.ಆರ್. ಜೇಮ್ಸ್ ಅವರ ‘ದಿ ಬ್ಲ್ಯಾಕ್ ಜಾಕೊಬಿನ್ಸ್’ಗಿಂತ ಹದಿಮೂರು ವರ್ಷ ಹಳೆಯದು. 1925ರ ಮಾರ್ಚ್ 23ರ ಮೌಖಿಕ ಪರೀಕ್ಷೆಯಲ್ಲಿ ಎದುರಿಗೆ ಕೂತವರಲ್ಲಿ ಸೆಲೆಸ್ತಾಂ ಬೂಗ್ಲೆ ಒಬ್ಬರು. ಭಾರತದ ಜಾತಿವ್ಯವಸ್ಥೆಯ ಬಗ್ಗೆ 1908ರಲ್ಲಿ ಪುಸ್ತಕ ಬರೆದ ಸಮಾಜಶಾಸ್ತ್ರಜ್ಞರೆಂದು ನಮ್ಮಲ್ಲೂ ಅವರ ಹೆಸರು ಪರಿಚಿತ. ಸಮಾನತೆಯ ವಿಚಾರ ಪಾಶ್ಚಾತ್ಯ ಸಮಾಜಗಳ ವಿಶೇಷ ಸೃಷ್ಟಿ ಎಂದು ಬೂಗ್ಲೆ ಇನ್ನೊಂದು ಪುಸ್ತಕದಲ್ಲಿ ವಾದಿಸಿದ್ದರು. ಪದವಿ ಕೊಡಬೇಕಾದವರ ಎದುರಿಗೇ ಕೂಪರ್ ಅದನ್ನು ತಳ್ಳಿಹಾಕಿದರು. ಸಮಾನತೆಯ ತುಡಿತ ಮನುಷ್ಯನಾಗಿ ಹುಟ್ಟಿದವರಲ್ಲೆಲ್ಲ ಇದೆ, ಅದು ಯಾವ ಜನಾಂಗದ ಸ್ವತ್ತೂ ಅಲ್ಲ ಎಂದರು. 1892ರ ಪುಸ್ತಕದಲ್ಲಿ ಯುರೋಪಿಗೆ ಬರೆದುಕೊಟ್ಟಿದ್ದ ಪಟ್ಟಾವನ್ನು ಅಲ್ಲಿ ಹಿಂಪಡೆದಂತಾಯಿತು.

ಡಾಕ್ಟರೇಟ್ ಬಂದ ನಂತರ ಅವರು ಮಾಡಿದ್ದೇನು ಎಂಬುದೇ ಮೇಲ್ವರ್ಗದ ಆಕ್ಷೇಪಕ್ಕೆ ಕೊನೆಯ ಉತ್ತರ. 1930ರಲ್ಲಿ ಡನ್ಬಾರ್‌ನಿಂದ ನಿವೃತ್ತರಾಗಿ ಫ್ರೀಲಿಂಗ್‌ಹೈಸೆನ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದರು. ಹೆಸರು ದೊಡ್ಡದು, ವಾಸ್ತವದಲ್ಲಿ ಅದು ಹಗಲೆಲ್ಲ ಮನೆಗೆಲಸ, ಕೂಲಿ, ಗುಮಾಸ್ತಿಕೆ ಮಾಡುವ ಕಪ್ಪು ವಯಸ್ಕರ ರಾತ್ರಿಶಾಲೆ. ಬಾಡಿಗೆ ಕಟ್ಟಲಾಗದಾಗ ತರಗತಿಗಳನ್ನು ಟಿ ಸ್ಟ್ರೀಟ್‌ನ ತಮ್ಮ ಮನೆಗೇ ತಂದರು. ಓದಲಾರದ ವಯಸ್ಕರಿಗೆಂದು ತೆರೆದ ವಿಭಾಗಕ್ಕೆ ಗುಲಾಮಳಾಗಿದ್ದ ತಾಯಿಯ ಹೆಸರಿಟ್ಟರು. ಸಂಬಳ ತೆಗೆದುಕೊಳ್ಳಲಿಲ್ಲ. ಆ ದಶಕದಲ್ಲೇ ಸಂಸ್ಥೆ ಪದವಿ ನೀಡುವ ಅಧಿಕಾರ ಕಳೆದುಕೊಂಡಿತು, ಕೂಪರ್ ಆದರೂ ಬಿಡಲಿಲ್ಲ. ಸಂಸ್ಥೆಯ ಲೆಕ್ಕದಲ್ಲಿ ಇದು ಸೋಲೇ. ಹಾರ್ವರ್ಡಿಗೆ ಹೋಗುವ ಹುಡುಗನಿಗೆ ಸಿಕ್ಕ ಪಾಠ ಅಡುಗೆಯಾಳಿಗೂ ಸಿಗಬೇಕು ಎಂಬುದನ್ನು ಎಪ್ಪತ್ತು ದಾಟಿದಮೇಲೆ ತಮ್ಮದೇ ಊಟದ ಕೋಣೆಯಲ್ಲಿ ನಡೆಸಿ ತೋರಿಸಿದವರನ್ನು ಗಣ್ಯರ ವಕ್ತಾರೆ ಎನ್ನಲು ನನಗೆ ಮನಸ್ಸು ಬಾರದು.

ಅವರ ಕಾಲದ ಗಂಡಸರು ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲಿಲ್ಲ ಎಂಬುದೂ ದ್ವೇಷವಿಲ್ಲದೆ ಹೇಳಬೇಕಾದ ಮಾತು. ಡು ಬೊಯಿಸ್ 1920ರ ಒಂದು ಪ್ರಬಂಧದಲ್ಲಿ ಕೂಪರ್ ಅವರ ಪುಸ್ತಕದ ಒಂದು ವಾಕ್ಯವನ್ನು ಎತ್ತಿಕೊಂಡು, ನಮ್ಮ ಹೆಂಗಸರಲ್ಲಿ ಒಬ್ಬರು ಹೇಳಿದ್ದು ಎಂದಷ್ಟೇ ಬರೆದರು. ಕ್ಲಾಡ್ ಬವರ್ಸ್ ಎಂಬಾತ ಅಂತರ್ಯುದ್ಧೋತ್ತರ ಕಾಲದ ಕಪ್ಪು ಆಡಳಿತವನ್ನು ಹೀನಾಯವಾಗಿ ಚಿತ್ರಿಸಿದಾಗ, ಇದಕ್ಕೆ ನೀವೇ ಉತ್ತರ ಬರೆಯಬೇಕು ಎಂದು 1929ರಲ್ಲಿ ಡು ಬೊಯಿಸ್ ಅವರಿಗೆ ಪತ್ರ ಬರೆದು ಒತ್ತಾಯಿಸಿದವರು ಕೂಪರ್. 1935ರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ ಎಂಬ ಮಹಾಗ್ರಂಥದ ಹುಟ್ಟಿನ ಹಿಂದೆ ಆ ಪತ್ರವೂ ಇದೆ.

ಎಂ ಸ್ಟ್ರೀಟ್ ಶಾಲೆಯಿಂದ 1911ರಲ್ಲಿ ಹೊರಬಿದ್ದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಆ್ಯಮ್ಹರ್ಸ್ಟ್ ಮತ್ತು ಹಾರ್ವರ್ಡಿನಲ್ಲಿ ಓದಿ ವಕೀಲರಾದರು. ಶಾಲೆಗಳ ವರ್ಣಭೇದವನ್ನು ನ್ಯಾಯಾಲಯದಲ್ಲಿ ಒಂದೊಂದೇ ಮೆಟ್ಟಿಲಾಗಿ ಕೆಡವುವ ತಂತ್ರ ಹೆಣೆದವರು ಅವರೇ. ವಾಷಿಂಗ್ಟನ್ ನಗರದ ಕಪ್ಪು ಪೋಷಕರ ಮೊಕದ್ದಮೆಯನ್ನು ಕೈಗೆತ್ತಿಕೊಂಡು, ಕಾಯಿಲೆ ಬಿದ್ದಾಗ ಅದನ್ನು ಸಹೋದ್ಯೋಗಿ ಜೇಮ್ಸ್ ನೇಬ್ರಿಟ್‌ಗೆ ಒಪ್ಪಿಸಿ, 1950ರಲ್ಲಿ ತೀರಿಕೊಂಡರು. 1954ರ ಮೇ 17ರಂದು, ರಾಜ್ಯಗಳ ಶಾಲೆಗಳಲ್ಲಿ ವರ್ಣಭೇದವನ್ನು ತಳ್ಳಿಹಾಕಿದ ಬ್ರೌನ್ ತೀರ್ಪು ಬಂದ ದಿನವೇ, ಬೋಲಿಂಗ್ ವಿರುದ್ಧ ಶಾರ್ಪ್ ಎಂಬ ಆ ಮೊಕದ್ದಮೆಯೂ ಇತ್ಯರ್ಥವಾಯಿತು. 1906ರಲ್ಲಿ ಕೂಪರ್ ಅವರನ್ನು ಹೊರಹಾಕಿದ ಅದೇ ಶಾಲಾವ್ಯವಸ್ಥೆಯಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು ಸರ್ವಾನುಮತದಿಂದ ಹೇಳಿತು. ಆ ದಿನ ಕೂಪರ್ ಅವರಿಗೆ ತೊಂಬತ್ತೈದು ವರ್ಷ. ಅವರು ತೀರಿಕೊಂಡದ್ದು ಹತ್ತು ವರ್ಷಗಳ ನಂತರ, 1964ರ ಫೆಬ್ರವರಿ 27ರಂದು.